ಗಿರಿಜಾ ಎಂದರೆ ನಗುವುದೇಕೆ?

ಅವ್ವಾ,

ಹೋದ ಭಾನುವಾರ ಸಂಜೆ, ನಮ್ಮ ಪಾರ್ಕಿನ ರಾಜ್ಯೋತ್ಸವದ ವೇದಿಕೆಯ ಮೇಲೆ ನಿನ್ನ ಹೆಸರು ಹೇಳಿ ಜನರನ್ನು ನಗಿಸಿದರು. ಅದೂ ಆ ಹೆಸರು ಹೊತ್ತ ಐದು ವರ್ಷದ ಹುಡುಗಿಯನ್ನು ಮೈಕಿನ ಮುಂದೆ ನಿಲ್ಲಿಸಿಕೊಂಡು. ನಿನಗೆ ಗೊತ್ತಿಲ್ಲದ ಸುದ್ದಿ ಇದು: ನೀನು ಹೋದ ಮರುವರ್ಷ ನಮ್ಮ ಶಿವುಗೆ ಮಗಳು ಹುಟ್ಟಿದಳು. ಅವಳ ಹೆಸರು ಗಿರಿಜಾ. ಇಟ್ಟವಳು ನಾನು.

ಅವಳನ್ನು ತೊಟ್ಟಿಲಿಗೆ ಹಾಕಿದ ದಿನ ಕಣ್ಣಮುಂದೆ ಇದೆ. ಹೆಸರಿಡುವ ಹಕ್ಕು ಸೋದರತ್ತೆಯದು ಎಂದು ನೀನೇ ಹೇಳುತ್ತಿದ್ದೆಯಲ್ಲ. ಆರ್‌ಪಿಸಿ ಲೇಔಟಿನ ಈ ಮನೆಯಲ್ಲೇ, ಮಗುವಿನ ಕಿವಿಗೆ ಬಾಯಿಟ್ಟು "ಗಿರಿಜಾ, ಕುರ್‍ರ್" ಎಂದೆ. ಊರಿಂದ ಬಂದ ಚಿಕ್ಕವ್ವಂದಿರು ನಮ್ಮ ಕಡೆಯ ಪದ್ಧತಿಯಂತೆ ನನ್ನ ಬೆನ್ನಿಗೆ ಗುದ್ದತೊಡಗಿದರು. ಇದನ್ನೆಂದೂ ನೋಡದ ಪಕ್ಕದ ಮನೆಯ ಪದ್ಮಾ ಆಂಟಿಗೆ ಗಾಬರಿ. "ಅಯ್ಯೋ, ಯಾಕ್ರೀ ಅವ್ರನ್ನ ಹೊಡೀತಾ ಇದೀರಾ? ಹೆಸರು ಚೆನ್ನಾಗೇ ಇದೆಯಲ್ಲ" ಎಂದರು. ಅವತ್ತೂ ಎಲ್ಲರೂ ನಕ್ಕೆವು. ಆ ನಗು ಬೇರೆ, ಅವ್ವಾ.

ಬಿನ್ನಿಪೇಟೆ ಬಿಟ್ಟು ಇಲ್ಲಿಗೆ ಬಂದ ಹೊಸತರಲ್ಲಿ, ನಮ್ಮ ರಸ್ತೆಯಲ್ಲಿ ಹೂವು ಮಾರುವಾಕೆ "ಗಿರಿಜಮ್ಮಾ" ಎಂದು ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತಿದ್ದವು, ನೆನಪಿದೆಯೇ? ಅಪ್ಪ ಮಿಲ್ಲಿನಲ್ಲಿದ್ದುದರಿಂದ ನೀನು ಮಿಲ್ ಗಿರಿಜಮ್ಮ. ಉಳಿದವರು ಟೀಚರ್ ಗಿರಿಜಮ್ಮ, ಹೊಲಿಗೆ ಗಿರಿಜಮ್ಮ, ಮೂಲೆಮನೆ ಗಿರಿಜಮ್ಮ. ಗೌರಿ ಹಬ್ಬದ ದಿನ ನಾಲ್ವರೂ ಒಬ್ಬರಿಗೊಬ್ಬರು ಬಾಗಿನ ಕೊಟ್ಟುಕೊಳ್ಳುತ್ತಿದ್ದಿರಿ. ಒಂದು ಸಲ ನೀನು ಮಂಟಪದಲ್ಲಿದ್ದ ಗೌರಿಯ ಕಡೆ ಕೈ ತೋರಿಸಿ, "ಆಕೀನೂ ಗಿರಿಜಾನ. ಇವತ್ತ ಐದು ಮಂದಿ ಆದ್ವಿ ನೋಡ್ರಿ" ಎಂದದ್ದಕ್ಕೆ, ಮೂಲೆಮನೆಯವರು ಕುಂಕುಮದ ಬಟ್ಟಲು ಹಿಡಿದುಕೊಂಡೇ ಗೋಡೆಗೆ ಒರಗಿ ನಕ್ಕಿದ್ದರು. ನನ್ನ ಕ್ಲಾಸಿನಲ್ಲೂ ಇಬ್ಬರು ಗಿರಿಜೆಯರಿದ್ದರು. ಈಗ ಇಡೀ ಲೇಔಟಿಗೆ ಇವಳೊಬ್ಬಳೇ.

ಪಿಯುಸಿಯಲ್ಲಿ ಸಂಸ್ಕೃತ ತೆಗೆದುಕೊಂಡ ಹೆಮ್ಮೆಗೆ, "ಗಿರಿ ಅಂದ್ರೆ ಬೆಟ್ಟ, ಜಾ ಅಂದ್ರೆ ಹುಟ್ಟಿದವಳು. ನೀನು ಪಾರ್ವತಿ" ಎಂದು ನಿನಗೆ ಪಾಠ ಹೇಳಿದ್ದೆ. ನೀನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗುಡ್ಡದ ಮಗಳು ಅಂತ ನಮ್ಮಪ್ಪ ಹೇಳಿದ್ನವಾ. ಗುಡ್ಡಕ್ಕೂ ಒಬ್ಬಾಕಿ ಮಗಳು ಅದಾಳ ಅಂದ್ರ, ಗುಡ್ಡ ಬರೇ ಕಲ್ಲಲ್ಲ ಅಂತ ಆತಲ್ಲ" ಎಂದೆ ನೀನು. ಆಮೇಲೆ ನಾನು ಜ್ಞಾನಭಾರತಿ ಕಡೆಯ ಕಾಲೇಜೊಂದರ ಲೈಬ್ರರಿಯಲ್ಲಿ ಇಷ್ಟು ವರ್ಷ ಪುಸ್ತಕಗಳ ನಡುವೆಯೇ ಕಳೆದೆ. ಎಷ್ಟೋ ನಿಘಂಟು ತಿರುವಿ ಹಾಕಿದೆ. ಆದರೆ ಆ ಹೆಸರಿಗೆ ಮನಸ್ಸಿನಲ್ಲಿ ನಿಂತ ಅರ್ಥ ಮಾತ್ರ ನೀನು ಹೇಳಿದ್ದೇ.

ಭಾನುವಾರ ಮಕ್ಕಳು ಒಬ್ಬೊಬ್ಬರಾಗಿ ವೇದಿಕೆ ಹತ್ತಿ, ಹೆಸರು ಹೇಳಿ, ಒಂದು ಪದ್ಯ ಒಪ್ಪಿಸಬೇಕಿತ್ತು. ಮೈಕ್ ಹಿಡಿದವನು ನಿವಾಸಿಗಳ ಸಂಘದ ಕಾರ್ಯದರ್ಶಿ ಮಂಜುನಾಥ, ನೀನು ಎತ್ತಿ ಆಡಿಸಿದ ಹುಡುಗನೇ. ಸಿಂಚನಾ ಬಂದಾಗ "ಎಂಥ ಮುದ್ದಾದ ಹೆಸರು" ಎಂದ. ಪ್ರಜ್ವಲ್‌ಗೆ ಚಪ್ಪಾಳೆ ಹೊಡೆಸಿದ. ನಮ್ಮವಳು ಗಟ್ಟಿಯಾಗಿ "ಗಿರಿಜಾ" ಎಂದಳು. "ಏನ್ ಪುಟ್ಟಿ, ಅಜ್ಜಿ ರೇಷನ್ ಕಾರ್ಡ್ ಎತ್ಕೊಂಡ್ ಬಂದ್ಬಿಟ್ಯಾ? ಈ ತಿಂಗಳು ಪೆನ್ಷನ್ ಬಂತಾ?" ಎಂದ ಅವನು. ಪಾರ್ಕಿಗೆ ಪಾರ್ಕೇ ನಕ್ಕಿತು. ಏನೂ ಅರ್ಥವಾಗದೆ ಅವಳೂ ನಕ್ಕಳು. ಕಲಿತ ಪದ್ಯ ಮರೆತುಹೋಯಿತು. ಕನ್ನಡದ ಹಬ್ಬದಲ್ಲಿ, ಕನ್ನಡದ ಮನೆಮನೆಯಲ್ಲಿ ಕೂಗಿ ಕರೆದ ಹೆಸರೇ ನಗೆಪಾಟಲಾಗಬೇಕೇ?

ಮನೆಗೆ ನಡೆದು ಬರುವಾಗ, "ಅತ್ತೆ, ನಂಗೆ ಪೆನ್ಷನ್ ಬರುತ್ತಾ?" ಎಂದು ಕೇಳಿದಳು. ಮರುದಿನದಿಂದ ಸ್ಕೂಲ್ ವ್ಯಾನಿನವರು "ಗಿರಿಜಾ" ಎಂದು ಕೂಗಿದರೆ ತಿರುಗಿ ನೋಡುವುದಿಲ್ಲ. ಯಾಕೆ ಎಂದು ಕೇಳಿದರೆ, "ನಾನು ಸಿಂಚನಾ" ಎನ್ನುತ್ತಾಳೆ. ಶಿವು ನಿನಗೆ ಗೊತ್ತಲ್ಲ, ಜಗಳವೆಂದರೆ ಮೊದಲಿಂದಲೂ ದೂರ. "ಅಕ್ಕಾ, ಒಂದನೇ ಕ್ಲಾಸಿಗೆ ಸೇರಿಸೋವಾಗ ಹೆಸರು ಬದಲಾಯಿಸಿಬಿಡ್ತೀನಿ. ಮಗು ನೊಂದ್ಕೊಳ್ಳೋದು ಬೇಡ. ಮನೇಲಿ ನೀನು ಹೇಗ್ ಬೇಕಾದ್ರೂ ಕರ್ಕೋ" ಎಂದ. ಅವನಿಗೇನು ಹೇಳಲಿ? ಅವನದು ಮಗಳ ಚಿಂತೆ. ಆದರೆ ತಪ್ಪು ಮಾಡಿದವರು ಯಾರೋ, ಹೆಸರು ಬಿಡಬೇಕಾದವಳು ಇವಳೇ?

ನಿನ್ನೆ ಮಂಜುನಾಥನ ಮನೆಗೆ ಹೋದೆ. ಸೋಫಾದಲ್ಲಿ ಕೂರಿಸಿ ಕಾಫಿ ತರಿಸಿದ. "ತಮಾಷೆಗೆ ಅಂದಿದ್ದು ಅಕ್ಕಾ, ಸೀರಿಯಸ್ಸಾಗಿ ತಗೋಬೇಡಿ. ಬೇಕಾದ್ರೆ ಸಾರಿ" ಎಂದ.

"ನಗಿಸಿದ್ದು ಮೈಕಲ್ಲಿ, ಸಾರಿ ಸೋಫಾ ಮೇಲಾ?" ಎಂದೆ. ಅವನ ಹಿಂದಿನ ಗೋಡೆಯಲ್ಲಿ ಗಂಧದ ಹಾರ ಹಾಕಿದ ಫೋಟೊ ಇತ್ತು. "ಮಂಜು, ನಿಮ್ಮಮ್ಮನ ಹೆಸರೇನೋ?"

ಅವನು ತಿರುಗಿ ನೋಡಿದ. "ಎಲ್ರೂ ಮೂಲೆಮನೆಯವರು ಅಂತಿದ್ರು. ಇಲ್ಲಾಂದ್ರೆ ಮಂಜು ಅಮ್ಮ..." ಎನ್ನುತ್ತಾ ನಿಲ್ಲಿಸಿದ. ಲೋಟ ಕೆಳಗಿಟ್ಟ. "ಹೊಳೀಲೇ ಇಲ್ಲ ಅಕ್ಕಾ."

ಅವನು ಕೆಟ್ಟವನಲ್ಲ, ಅವ್ವಾ. ಕಣ್ಣು ಒದ್ದೆಯಾಗಿದ್ದವು. ಆದರೆ ಸಂಕ್ರಾಂತಿ ಕಾರ್ಯಕ್ರಮದಲ್ಲಿ ಇದನ್ನೇ ವೇದಿಕೆಯ ಮೇಲೆ ಹೇಳು ಎಂದರೆ, "ಎಲ್ರ ಮುಂದೆ ಯಾಕಕ್ಕಾ, ಜನ ಮರ್ತೂಬಿಟ್ಟಿದಾರೆ" ಎಂದ. "ಒಬ್ಳು ಮರ್ತಿಲ್ಲ" ಎಂದು ಎದ್ದು ಬಂದೆ.

ರಾತ್ರಿ ಊಟಕ್ಕೆ ಕೂತಾಗ ನಮ್ಮವಳಿಗೆ ನಾಲ್ಕು ಗಿರಿಜಮ್ಮಂದಿರ ಕಥೆ ಹೇಳಿದೆ. ಗುಡ್ಡದ ಮಾತನ್ನೂ ಹೇಳಿದೆ. ತುತ್ತು ಬಾಯಲ್ಲಿಟ್ಟುಕೊಂಡೇ ಕೇಳಿದಳು: "ಆ ಅಂಕಲ್ ಅಮ್ಮನೂ ಗಿರಿಜಾನಾ? ಹಾಗಾದ್ರೆ ಯಾಕ್ ನಕ್ರು?" ತುತ್ತು ನುಂಗಿ, ತಾನೇ ತೀರ್ಮಾನ ಕೊಟ್ಟಳು. "ಅಂಕಲ್ ಮೈಕಲ್ಲಿ ಹೇಳ್ಲಿ. ಆಮೇಲೆ ನಾನು ಗಿರಿಜಾ ಆಗ್ತೀನಿ." ಶಿವು ಸಂಕ್ರಾಂತಿಯವರೆಗೆ ಕಾಯಲು ಒಪ್ಪಿದ್ದಾನೆ.

ಆ ಸಂಜೆ ಅವಳಿಗೆ ರೇಷ್ಮೆ ಲಂಗ ಉಡಿಸಿ, ಕೈಗೆ ಎಳ್ಳುಬೆಲ್ಲದ ತಟ್ಟೆ ಕೊಟ್ಟು, ಮುಂದಿನ ಸಾಲಿನಲ್ಲೇ ಕೂರಿಸಿಕೊಳ್ಳುತ್ತೇನೆ. ಅವನು ಮೈಕ್ ಕೈಗೆತ್ತಿಕೊಂಡ ಕೂಡಲೇ ಎದ್ದು ನಿಲ್ಲುತ್ತೇನೆ. ನಾನು ಕೇಳುವುದು ಇಷ್ಟೇ, ಅವ್ವಾ.

"ಮಂಜುನಾಥ, ನಿಮ್ಮಮ್ಮನ ಹೆಸರೇನು? ಅದ್ರಲ್ಲಿ ನಗೋ ಅಂಥದ್ದು ಏನಿತ್ತು? ಇಲ್ಲೇ ಹೇಳು, ಇವಳಿಗೂ ಕೇಳಿಸೋ ಹಾಗೆ."