ಫ್ರೀ ಅಲ್ಲ, ಪ್ರೀ

ಶಹಾಪುರ,
ತಾ. 18-10-1992, ರವಿವಾರ

ಚಿ. ಶೇಖಮ್ಮ,

ನಿನ್ನ ಅಪ್ಪನ ಜೈಭೀಮ್, ಆಶೀರ್ವಾದ. ಇಲ್ಲಿ ನಾವಿಬ್ಬರೂ ಆರಾಮ. ನಿಮ್ಮವ್ವನ ಮೊಣಕಾಲು ಎಂದಿನಂತೆ ನೋಯುತ್ತದೆ, ಅವಳು ಎಂದಿನಂತೆ ಗುಳಿಗೆ ನುಂಗದೆ ನನ್ನನ್ನು ಬೈಯುತ್ತಾಳೆ. ನಿನ್ನ ಪೆಟ್ಟಿಗೆ ಮುಟ್ಟಿ ಹದಿನಾರು ದಿನವಾದರೂ ಒಂದು ಕಾರ್ಡು ಹಾಕಲಿಲ್ಲ, ನನ್ನದೇ ತಪ್ಪು. ಕಾಲುವೆಗೆ ಹಿಂಗಾರಿ ನೀರು ಬಿಟ್ಟಿದ್ದಾರೆ, ದಿನಕ್ಕೆ ಮೂರು ಸಲ ಗೇಜು ನೋಡಿ ಬರೆಯಬೇಕು ಅಂತ ನೆಪ ಹೇಳಬಹುದು. ನಿಜ ಏನೆಂದರೆ ಅರ್ಧ ಸುದ್ದಿ ಬರೆಯಲು ನನಗೆ ಮನಸ್ಸಿರಲಿಲ್ಲ. ಗೆದ್ದ ಮೇಲೆಯೇ ಪೆನ್ನು ಹಿಡಿಯಬೇಕು ಅಂತ ಹಟ ಮಾಡಿದ್ದೆ. ಈಗ ಹಿಡಿದಿದ್ದೇನೆ.

ಪೆಟ್ಟಿಗೆಯನ್ನು ಕಂಡಕ್ಟರ ಬೀರಣ್ಣ ತನ್ನ ಸೀಟಿನ ಮೇಲಿಟ್ಟು, ಹೈದರಾಬಾದಿನಿಂದ ತಾನು ನಿಂತೇ ಬಂದನಂತೆ. "ಕಾಕಾ, ಕೂಸಿನಕಿಂತ ಜ್ವಾಕಿ ಮಾಡಿ ತಂದೀನಿ. ಒಳಗ ಏನದ?" ಅಂದ. "ನನ್ನ ಮಗಳು ಕಟ್ಟಿದ ಪ್ರೀ ಅದ" ಅಂದೆ. ಅವನಿಗೆ ತಿಳಿಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿದೆ. ನಿಮ್ಮವ್ವ ಅನ್ನುವುದು ಖರೆ, ನನಗೆ ಬಡಾಯಿ ಸ್ವಲ್ಪ ಜಾಸ್ತಿ.

ಆ ಬಡಾಯಿಯೇ ಮೊದಲು ಕೆಲಸ ಕೆಡಿಸಿತು. ನಮ್ಮ ಓಣಿಯ ವಿಹಾರಕ್ಕೆ ಹೋದ ವರ್ಷ ಎರಡು ಬಾಕ್ಸು, ಒಂದು ದೊಡ್ಡ ಆಂಪ್ಲಿಫಾಯರ್ ಬಂದದ್ದು ನಿನಗೆ ಗೊತ್ತೇ ಇದೆ. ಬಾಬಾಸಾಹೇಬರು ದೀಕ್ಷೆ ತಗೊಂಡ ಧಮ್ಮಚಕ್ರದ ದಿನದೊಳಗೆ ಅದಕ್ಕೊಂದು ಪ್ರೀ, ಅಂದರೆ ಪ್ರೀ-ಆಂಪ್ಲಿಫಾಯರ್, ಬೇಕು ಅಂತ ಕಮಿಟಿಯಲ್ಲಿ ಮಾತು ಬಂದಾಗ ನಾನೇ ಎದ್ದು ನಿಂತು "ನನ್ನ ಮಗಳು ಪ್ರೀ ಕೊಡ್ತಾಳ" ಅಂದಿದ್ದೆ. ನಮ್ಮ ನಾಲಿಗೆಗೆ ಪ್ರೀ ಆದರೇನು, ಫ್ರೀ ಆದರೇನು, ಎಲ್ಲ ಒಂದೇ. ಅಧ್ಯಕ್ಷ ಯಂಕಣ್ಣ ಮಾಸ್ತರರು ಠರಾವಿನ ಪುಸ್ತಕದಲ್ಲಿ ದುಂಡಗೆ "ಕು. ಶೇಖಮ್ಮ ಅಂಬ್ರಪ್ಪ ಇವರಿಂದ ವಿಹಾರಕ್ಕೆ ಒಂದು ಫ್ರೀ ಆಂಪ್ಲಿಫಾಯರ್ ಸ್ವೀಕರಿಸತಕ್ಕದ್ದು" ಅಂತ ಬರೆದುಬಿಟ್ಟರು. ಸೀರೆ ಅಂಗಡಿಯಲ್ಲಿ ಎರಡು ಸೀರೆ ಕೊಂಡರೆ ಒಂದು ಚೀಲ ಕೊಡುತ್ತಾರಲ್ಲ, ಇದೂ ಅಂಥದ್ದೇ ಅಂತ ಓಣಿಯವರೆಲ್ಲ ತಿಳಿದರು. ನೀನು ಕೊಟ್ಟದ್ದು ದಾನ, ನಿಜ. ಆದರೆ ದಾನ ಬೇರೆ, ಪುಕಟ್ ಬೇರೆ.

"ಪುಕಟ್ ಮಾಲು ಎಷ್ಟು ದಿನ ಬಾಳ್ತದ ಅಂಬ್ರಪ್ಪಾ?" ಅಂತ ಮಾಸ್ತರರು ಎಲ್ಲರ ಮುಂದೆ ಕೇಳಿದರು. ನಾನು ನಿನ್ನ ಕೆಲಸವನ್ನು ಹೊಗಳಲು ಬಾಯಿ ತೆಗೆದರೆ "ಹೆತ್ತವರಿಗೆ ಹೆಗ್ಗಣ ಮುದ್ದು" ಅಂತ ನಕ್ಕರು. ಅಷ್ಟಕ್ಕೇ ಬಿಡದೆ, ಮೈಕ್‌ಸೆಟ್ಟಿನ ವಹಾಬನಿಗೆ ಹೇಳಿ ಗುಲಬರ್ಗಾದಿಂದ ಒಂದು ಕಂಪನಿ ಪ್ರೀ ತರಿಸಿದರು. ರವಿವಾರ ಮುಂಜಾನೆ ಎರಡನ್ನೂ ಹಚ್ಚಿ ಕೇಳುವುದು, ಚಲೋ ಇದ್ದದ್ದನ್ನು ಇಟ್ಟುಕೊಳ್ಳುವುದು ಅಂತ ಠರಾಯಿಸಿದರು.

ಹೈದರಾಬಾದಿನಲ್ಲಿ ನಿನಗೆ ಕೆಲಸ ಕೊಟ್ಟ ಸೇಠ ಅಂದ ಮಾತನ್ನು ನೀನು ಬರೆದಿದ್ದಿಯಲ್ಲ: ನೀನು ಕಟ್ಟಿದ್ದು ಒಂದು ಕಡೆಯಾದರೂ ನಡೆದು, ಅಲ್ಲಿಯವರು ಚೀಟಿ ಬರೆದುಕೊಟ್ಟರೆ ಸೆಟ್ಟು ಕಟ್ಟುವ ಟೇಬಲ್ಲು ನಿನಗೆ, ಇಲ್ಲದಿದ್ದರೆ ಮೂರು ವರ್ಷದಿಂದ ಮಾಡಿದಂತೆ ತಂತಿ ಬೆಸೆಯುತ್ತ ಕೂತಿರು. ಆ ಚೀಟಿ ಈಗ ಯಂಕಣ್ಣ ಮಾಸ್ತರರ ಪೆನ್ನಿನ ತುದಿಯಲ್ಲಿತ್ತು. ಆ ಪೆನ್ನು ಫ್ರೀ ಅಂತ ಬರೆದ ಪೆನ್ನು.

ಆ ವಾರವೆಲ್ಲ ತೂಬಿನ ಕಟ್ಟೆಯ ಮೇಲೆ ಕೂತು ನಿನ್ನ ಹಳೆಯ ಪತ್ರ ಓದಿದೆ. ಎಷ್ಟು ಚೆಂದ ಬಿಡಿಸಿ ಬರೆದಿದ್ದಿ ತಾಯಿ! ನಿನ್ನ ಮಾತಿನಲ್ಲೇ ಬಾಯಿಪಾಠ ಮಾಡಿದೆ. ಕ್ಯಾಸೆಟ್ಟಿನಿಂದ ಬರುವ ದನಿ ಬಹಳ ಸಣ್ಣದು, ಬಾಕ್ಸು ಒದರಿಸುವ ಶಕ್ತಿ ದೊಡ್ಡ ಆಂಪ್ಲಿಫಾಯರಿನದು. ನಡುವೆ ಕೂತು ಯಾವ ದನಿ ಒಳಗೆ ಬರಬೇಕು, ಎಷ್ಟು ಬರಬೇಕು, ಎಡಕ್ಕೆಷ್ಟು, ಬಲಕ್ಕೆಷ್ಟು ಅಂತ ನೋಡುವುದು ಪ್ರೀ. ದೊಡ್ಡ ಕಾಲುವೆಯಲ್ಲಿ ನೀರೆಷ್ಟಿದ್ದರೂ ಹೊಲಕ್ಕೆ ಹೋಗುವುದು ತೂಬು ಬಿಟ್ಟಷ್ಟೇ. ತೂಬಿನಲ್ಲಿ ಕೆಸರು ಹೊಕ್ಕರೆ ಹೊಲದ ತನಕ ಕೆಸರೇ. ಹಾಗೆಯೇ ಪ್ರೀಯಲ್ಲಿ ಚೂರು ಗುಂಯ್‌ಗುಡುವ ಸಪ್ಪಳ ಸೇರಿದರೆ ಮುಂದಿನ ಆಂಪ್ಲಿಫಾಯರ್ ಅದನ್ನೂ ಹಾಡಿನ ಜೊತೆ ದೊಡ್ಡದು ಮಾಡಿ ಕೊಡುತ್ತದೆ. ಇಪ್ಪತ್ತು ವರ್ಷ ಕಾಲುವೆ ಕೆಲಸ ಮಾಡಿದವನಿಗೆ ಇದಕ್ಕಿಂತ ಸರಳ ಯಾರು ಹೇಳಿಯಾರು?

ಹೋದ ರವಿವಾರ ವಿಹಾರದಲ್ಲಿ ನಲವತ್ತು ಮಂದಿ. ಕಂಪನಿ ಪ್ರೀ ನೋಡಲು ಭರ್ಜರಿ ಇತ್ತು: ಕೆಂಪು ಹಸಿರು ದೀಪ ಕುಣಿಯುತ್ತವೆ, ಹನ್ನೊಂದು ಗುಂಡಿಗಳಿವೆ. ನಿನ್ನದು ಬೂದು ಬಣ್ಣದ ಡಬ್ಬಿ, ನಾಲ್ಕು ಗುಂಡಿ, ಒಂದು ದೀಪ. "ಊಟದ ಡಬ್ಬಿ ಇದ್ದಂಗ ಅದ" ಅಂತ ಹಿಂದಿನಿಂದ ಯಾರೋ ಅಂದರು. ಯಾರು ಅಂತ ನನಗೆ ಗೊತ್ತು, ಹೆಸರು ಬರೆಯುವುದಿಲ್ಲ.

ನಾನು ಎದ್ದು ಮೊದಲ ಪ್ರಶ್ನೆ ಹಾಕಿದೆ. "ನಾವು ಇದಕ್ಕ ಏನೇನು ಹಚ್ಚತೀವಿ?" ಕ್ಯಾಸೆಟ್ಟು, ರೇಡಿಯೋ, ಪ್ರವಚನಕ್ಕ ಭಂತೇಜಿ ಬಂದಾಗ ಮೈಕು, ಅಂದರು. "ಕಂಪನೀದಕ್ಕ ಮೈಕಿನ ತೂತು ಎಲ್ಲ್ಯದ?" ವಹಾಬ ಹಿಂದೆ ಮುಂದೆ ತಿರುಗಿಸಿ ನೋಡಿದ. ಗ್ರಾಮಫೋನಿಗಿತ್ತು, ಮೈಕಿಗಿರಲಿಲ್ಲ. ಮೈಕಿನ ದನಿ ಕ್ಯಾಸೆಟ್ಟಿಗಿಂತ ಸಣ್ಣದು, ಅದಕ್ಕೆ ಬೇರೆ ದಾರಿಯೇ ಬೇಕು ಅಂತ ನೀನು ಬರೆದದ್ದನ್ನು ನಾನು ಇಂಜಿನಿಯರ್ ಸಾಹೇಬರ ಗತ್ತಿನಲ್ಲಿ ಹೇಳಿದೆ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ನಿನ್ನ ದೊಡ್ಡ ಪರೀಕ್ಷೆ. "ಏನೂ ಹಾಡು ಹಚ್ಚಬ್ಯಾಡ್ರಿ. ಸುಮ್ಮ ವ್ಯಾಲ್ಯೂಮ್ ಪೂರಾ ತಿರುವ್ರಿ" ಅಂದೆ. ಹಾಡಿಲ್ಲದೆ ಏನು ಕೇಳುವುದು ಅಂತ ಮಂದಿ ನಕ್ಕರು. ವಹಾಬ ನಗಲಿಲ್ಲ, ನನ್ನ ಮುಖ ನೋಡಿ ಗೋಣು ಹಾಕಿದ. ಕಂಪನಿಯದನ್ನು ತಿರುವಿದ ಕೂಡಲೇ ಬಾಕ್ಸಿನೊಳಗೆ ಜೇನು ಹೊಕ್ಕಂತೆ ಗುಂಯ್ ಅಂತ ಶುರುವಾಯಿತು. ನಿನ್ನದನ್ನು ಹಚ್ಚಿ ತಿರುವಿದ. ಪೂರಾ ತಿರುವಿದ. ಏನೂ ಇಲ್ಲ. ಗೋಡೆಯ ಮೇಲಿನ ಗಡಿಯಾರದ ಸಪ್ಪಳ ಕೇಳುತ್ತಿತ್ತು.

ಮುಂದೆ ಕೂತ ಮೋನಮ್ಮಾಯಿ ಮೇಲೆ ನೋಡಿ "ಕರೆಂಟ್ ಹೋತೇನಪಾ?" ಅಂದಳು.

ಶೇಖಮ್ಮ, ಆ ಮಾತಿಗೆ ಎಲ್ಲರೂ ನಕ್ಕರು, ನನಗೆ ಕಣ್ಣಲ್ಲಿ ನೀರು ಬಂತು. ನೀನು ಟ್ರಾನ್ಸ್‌ಫಾರ್ಮರನ್ನು ಒಂದು ಮೂಲೆಗೆ ದೂರ ಇಟ್ಟು, ಅರ್ಥಿನ ತಂತಿಗಳನ್ನೆಲ್ಲ ಒಂದೇ ಕಡೆ ಕಟ್ಟಿ, ಮೂರು ಸಲ ಬಿಚ್ಚಿ ಮತ್ತೆ ಕಟ್ಟಿದೆ ಅಂತ ಬರೆದಿದ್ದಿಯಲ್ಲ, ಆ ಕಷ್ಟವೆಲ್ಲ ಆ ಮುದುಕಿಯ ಒಂದು ಮಾತಿನಲ್ಲಿ ತೀರಿತು. ಆಮೇಲೆ ನಮ್ಮ ಹೆಣ್ಣುಮಕ್ಕಳು ಬುದ್ಧವಂದನೆ ಹೇಳಿದ ಕ್ಯಾಸೆಟ್ಟು ಹಚ್ಚಿದರು. ಮೋನಮ್ಮಾಯಿ "ಅಯ್ಯ, ನಾ ನಡುವ ದಮ್ಮು ತಗೊಂಡದ್ದೂ ಕೇಳ್ತದಲ್ಲೋ!" ಅಂತ ಸೆರಗು ಬಾಯಿಗೆ ಹಚ್ಚಿಕೊಂಡಳು. ನಿಮ್ಮವ್ವ ಬಾಗಿಲ ಹತ್ತಿರ ನಿಂತಿದ್ದಳು. ಅವಳು ಅಷ್ಟು ಎತ್ತರ ಇದ್ದಾಳೆ ಅಂತ ನನಗೆ ಆವತ್ತೇ ಗೊತ್ತಾದದ್ದು.

ಒಂದು ಸಣ್ಣ ತಕರಾರು ಬಂತು, ಅದನ್ನೂ ಬರೆಯುತ್ತೇನೆ. ಎಡಬಲದ ಗುಂಡಿ ನಟ್ಟನಡುವೆ ಇದ್ದರೂ ಬಲಗಡೆಯ ಬಾಕ್ಸು ಜೋರು, ಎಡಗಡೆಯದು ಮೆತ್ತಗೆ. ಮಾಸ್ತರರು ಕೂಡಲೇ ಹಿಡಿದರು. "ಒಂದು ಕಣ್ಣು ಮೆಳ್ಳ ಅದಲ್ಲೋ ನಿನ್ನ ಹೆಗ್ಗಣಕ್ಕ" ಅಂದರು. ವಹಾಬ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡುತ್ತ ಬಹಳ ಹೊತ್ತು ಕೂತ. ಆಮೇಲೆ ಸಣ್ಣ ಸ್ಕ್ರೂಡ್ರೈವರಿನಿಂದ ಒಳಗಿನ ಒಂದು ತಿರುಪು ಇಷ್ಟೇ ಇಷ್ಟು ತಿರುಗಿಸಿದ, ಎರಡೂ ಕಡೆ ಸಮ ಆಯಿತು. "ಮಾಸ್ತರ್ ಸಾಬ್, ಇದು ಐಬು ಅಲ್ಲರಿ, ಹೊಂದಿಸೋದು ಅಷ್ಟೇ ಇತ್ತು. ಒಳಗಿನ ಕೆಲಸ ನೋಡ್ರಿ, ಒಂದು ಬೆಸಿಗೀನೂ ಸೊಟ್ಟ ಇಲ್ಲ. ಹದಿನೈದು ವರ್ಷ ಆತು ಈ ಧಂಧೆ ಮಾಡಾಕತ್ತೇನಿ, ನನ್ನ ಕೈಲೆ ಹಿಂಗ ಆಗಲ್ಲ" ಅಂದ. ತಾನು ಗುಲಬರ್ಗಾದಿಂದ ತಂದ ಮಾಲನ್ನು ತಾನೇ ಸುತ್ತಿ ರಟ್ಟಿನ ಡಬ್ಬಿಗೆ ತುಂಬಿದ. ಅಂಥ ಮನುಷ್ಯ ಅವನು.

ಬುಧವಾರ ಧಮ್ಮಚಕ್ರದ ದಿನ ಮುಂಜಾನೆಯಿಂದ ಸಂಜೆತನಕ ನಿನ್ನ ಪ್ರೀ ನಡೆಯಿತು. ಸುರಪುರ, ದೇವಾಪುರದಿಂದ ಬಂದವರು "ಇದು ಎಲ್ಲಿಂದ ತಂದೀರಿ?" ಅಂತ ಕೇಳಿದರೆ ನಾನು ಹೇಳುವ ಮೊದಲೇ ಮಾಸ್ತರರು "ನಮ್ಮ ಅಂಬ್ರಪ್ಪನ ಮಗಳು ಮಾಡ್ಯಾಳ್ರಿ" ಅನ್ನುತ್ತಿದ್ದರು. ಅವರು ನನ್ನ ಕಡೆಯಿಂದ ಆ ಮಾತನ್ನೂ ಕಸಿದುಕೊಂಡರು! ನಿನ್ನನ್ನು ಐಟಿಐಗೆ ಹಚ್ಚಿದಾಗ "ಹುಡಿಗಿ ಕೈಯಾಗ ಬೆಸಿಗಿ ಹಾಕೋ ಕಬ್ಬಿಣ ಕೊಡ್ತೀ, ರೊಟ್ಟಿ ಯಾರು ಬಡೀತಾರ?" ಅಂದವರೇ ಇವರು. ಮರುದಿನ ಠರಾವಿನ ಪುಸ್ತಕ ತೆಗೆಸಿ, ಫ್ರೀ ಅನ್ನುವುದನ್ನು ನನ್ನ ಕಣ್ಣೆದುರಿಗೇ ಹೊಡೆದುಹಾಕಿ ಪ್ರೀ ಅಂತ ಬರೆದು, ಬದಿಗೆ ಸಹಿ ಮಾಡಿದರು. "ಮೂವತ್ತು ವರ್ಷ ಹುಡುಗರ ಶುದ್ಧಲೇಖನ ತಿದ್ದೀನಿ, ಇವತ್ತು ನಂದು ತಿದ್ದಿಸಿದಿ" ಅಂದರು.

ಚೀಟಿ ಈ ಲಕೋಟೆಯಲ್ಲೇ ಇದೆ. ಕಮಿಟಿಯ ಶಿಕ್ಕಾ ಇದೆ, ಏಳು ಮಂದಿಯ ಸಹಿ ಇದೆ, ಮೋನಮ್ಮಾಯಿಯ ಹೆಬ್ಬೆಟ್ಟೂ ಇದೆ. ಅವಳು ಕಮಿಟಿಯವಳಲ್ಲ, ಬಿಡಲಿಲ್ಲ. ಸೇಠನ ಮುಂದೆ ಇಡುವಾಗ ತಲೆ ತಗ್ಗಿಸಬೇಡ. ಕನ್ನಡ ಓದಲು ಬಾರದಿದ್ದರೆ ನೀನೇ ಓದಿ ಹೇಳು, ಗಟ್ಟಿ ದನಿಯಲ್ಲಿ ಓದು. ಟೇಬಲ್ಲು ನಿನ್ನದು.

ನಿಮ್ಮವ್ವ ಸೇಂಗಾ ಹಿಂಡಿ, ಕಡಕ್ ರೊಟ್ಟಿ ಕಟ್ಟಿಟ್ಟಿದ್ದಾಳೆ, ಬೀರಣ್ಣನ ಕೈಯಲ್ಲಿ ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಬೆಸಿಗೆ ಹಾಕುವಾಗ ಆ ಹೊಗೆ ಕುಡಿಯಬೇಡ, ಕಿಟಕಿ ತೆರೆದಿಟ್ಟುಕೊ. ನಿನ್ನ ಕೈಗೆ ಯಾವತ್ತೂ ಕೆಲಸ ಇರಲಿ, ಆ ಕೆಲಸಕ್ಕೆ ಹೆಸರು ಇರಲಿ, ಬುದ್ಧನ ಕರುಣೆ ನಿನ್ನ ಮೇಲಿರಲಿ.

ನಿನ್ನ ಅಪ್ಪ,
ಅಂಬ್ರಪ್ಪ

ತಾ.ಕ.: ಇಲ್ಲಿಯವರೆಗಿನದನ್ನು ನಿಮ್ಮವ್ವನಿಗೆ ಓದಿ ಹೇಳಿದ್ದೇನೆ. ಇನ್ನು ಮುಂದಿನದು ನಿನಗೆ ಮಾತ್ರ.

ಆ ರವಿವಾರ ಮಂದಿಯೆಲ್ಲ ಹೋದ ಮೇಲೆ ವಹಾಬ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದ. "ಕಾಕಾ, ಎಲ್ಲರ ಮುಂದ ಅನಬಾರದಂತ ಬಿಟ್ಟೆ. ಎಡಬಲ ಕಿವೀಲೆ ಕೇಳಿ ಹೊಂದಿಸ್ಯಾಳ ಆಕಿ. ಎಡಗಡಿದು ಜೋರ ಕೇಳ್ಯದ, ಅದಕ್ಕ ಬಲಗಡಿದು ಏರಿಸ್ಯಾಳ. ಆಕಿಗಿ ಬಲಗಿವಿ ಕೇಳಲ್ಲೇನ್ರಿ?" ಅಂದ. ಛೇ, ಎಲ್ಲೀ ಮಾತು ಅನ್ನಬೇಕು ಅಂತ ಬಾಯಿ ತೆಗೆದವನಿಗೆ ಒಂದೊಂದೇ ನೆನಪಾಯಿತು. ಊಟಕ್ಕೆ ನೀನು ಯಾವತ್ತೂ ನನ್ನ ಬಲಕ್ಕೇ ಕೂಡುತ್ತಿದ್ದಿ, ನಿನ್ನ ಎಡಗಿವಿ ನನ್ನ ಕಡೆ ಇರುವಂತೆ. ಎಡಗಡೆಯಿಂದ ಕರೆದರೆ ಓ ಅನ್ನುತ್ತಿದ್ದಿ, ಬಲಗಡೆಯಿಂದ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ನಾನು ನಿನಗೆ ಸೊಕ್ಕಿನಕಿ ಅಂತ ಹೆಸರಿಟ್ಟೆ. ಹನ್ನೊಂದು ವರ್ಷ ಹಾಗೇ ಕರೆದೆ, ನೀನು ನಕ್ಕು ಸುಮ್ಮನಾದಿ.

ನೀನು ಆಗ ಒಂಬತ್ತು ವರ್ಷದವಳು. ಭೀಮರಾಯನಗುಡಿ ಕ್ಯಾಂಪಿನಲ್ಲಿ ಇನ್ಸ್‌ಪೆಕ್ಟರರು ನನ್ನ ಹತ್ತಿರ ಇಟ್ಟುಹೋದ ರೇಡಿಯೋವನ್ನು ಬಿಚ್ಚಿ, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಿ. ನೌಕರಿ ಹೋಯಿತು ಅಂತ ಹೆದರಿ ಹಿಂದಿನಿಂದ ಬಂದು ಹೊಡೆದೆ. ನಾನು ಬಂದದ್ದು ನೀನು ನೋಡಿರಲೂ ಇಲ್ಲ. ಆಮೇಲೆ ಹದಿನೈದು ದಿನ ಬಲಗಿವಿ ಸೋರಿತು. ಹುಡುಗರಿಗೆ ಸೋರುತ್ತವೆ ಅಂತ ಬೆಳ್ಳುಳ್ಳಿ ಎಣ್ಣೆ ಬಿಟ್ಟೆವು, ಮರೆತೆವು. ರೇಡಿಯೋ ಮರುದಿನ ನೀನೇ ಕೂಡಿಸಿದಿ, ನಡೆಯಿತು.

ವಹಾಬ ಮತ್ತೆ ಕೇಳಿದ, "ಹುಟ್ಟಿದಾಗಿಂದ ಹಿಂಗೇ ಏನ್ರಿ?" ಅಂತ. "ಹೌದಪಾ, ಹುಟ್ಟಾ" ಅಂದೆ. ನಲವತ್ತು ಮಂದಿಯ ಮುಂದೆ ನಿನ್ನ ಅಪ್ಪ ಅಂತ ಎದೆ ಉಬ್ಬಿಸಿ ನಿಂತವನಿಗೆ, ಒಬ್ಬನ ಮುಂದೆ ಖರೆ ಹೇಳಲು ಆಗಲಿಲ್ಲ. ನಿನ್ನ ಮುಂದೆ ಹೇಳುತ್ತಿದ್ದೇನೆ ಮಗಳೇ. ಹುಟ್ಟಾ ಅಲ್ಲ. ನನ್ನ ಕೈ ಅದು.