ಮೊಣಕಾಲು ಊರಿದ ಮೇಲೆ

ಗಜೇಂದ್ರಗಡ
೯ ಮಾರ್ಚ್ ೧೯೫೫

ಶ್ರೀ ಈಶಪ್ಪನವರಿಗೆ ಕಳಕವ್ವನ ನಮಸ್ಕಾರ.

ಹೆಂಡತಿ ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳುತ್ತಾಳೆ. ನಾನು ಬರೆದಿದ್ದೇನೆ, ಅದೂ ದಪ್ಪ ಅಕ್ಷರದಲ್ಲಿ.

ನಿಮ್ಮ ತಾಯಿ ನಿನ್ನೆ ರೋಣದಿಂದ ಬಸ್ಸಿಗೆ ಬಂದಿದ್ದರು. ನಿಮ್ಮ ಬಲಹೆಗಲ ಎಲುಬು ಮುರಿದಿದೆ, ರೊಟ್ಟಿ ಮುರಿಯಲೂ ಆಗುವುದಿಲ್ಲ, ಹಿಂದಿನದೆಲ್ಲ ಮರೆತು ನಾನು ಬಂದು ಆರೈಕೆ ಮಾಡಬೇಕಂತೆ. ಅಮೆರಿಕಾದಲ್ಲಿ ಒಕ್ಕಲುತನ ಓದಿ ಬಂದ ವಾರದಲ್ಲೇ, "ಇಕಿಗೆ ಏನೂ ತಿಳಿಯೂದಿಲ್ಲ, ನಾಕ ಮಂದ್ಯಾಗ ಹ್ಯಾಂಗ ಕರಕೊಂಡ ಹೋಗ್ಲಿ" ಎಂದು ನನ್ನನ್ನು ತವರಿಗೆ ಅಟ್ಟಿದವರು ನೀವು. ಈಗ ತುತ್ತು ಮುರಿದು ಕೊಡಲು ಆ ತಿಳಿಗೇಡಿಯೇ ಬೇಕಾದಳೇ?

ನನ್ನ ಅಣ್ಣ ದ್ಯಾಮಣ್ಣನ ಮೇಲೆ ಫಿರ್ಯಾದಿ ಕೊಡುತ್ತೀರೆಂದೂ ಅತ್ತೆ ಹೇಳಿದರು. ಯಾವ ಮುಖದಿಂದ? ಧಾರವಾಡದ ಸಾಹೇಬರ ಮುಂದೆ ಅಮೆರಿಕಾದ ಫುಟ್‌ಬಾಲ್ ಆಡಿಸಿ ಮೆರೆಯಬೇಕೆಂದು ನಮ್ಮೂರ ಪೈಲವಾನರನ್ನು ಹುಡುಕಿಕೊಂಡು ಬಂದವರು ನೀವೇ. ಗರಡಿ ನಮ್ಮ ಮನೆಯ ಗೋಡೆಗೆ ಹತ್ತಿಯೇ ಇದೆ. ಅಣ್ಣನಿಗೆ ಆಟ ಕಲಿಸಿದಿರಿ, ನಮ್ಮ ಹೊಸ್ತಿಲು ತುಳಿಯಲಿಲ್ಲ. ಹಿತ್ತಲಲ್ಲಿ ಜೋಳ ಹಸನು ಮಾಡುತ್ತ ನಾನು ಎಲ್ಲ ಕೇಳಿಸಿಕೊಂಡೆ.

ಹೆಸರು ಫುಟ್‌ಬಾಲ್, ಆದರೆ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡಬೇಕು. ಒಂದು ಕಡೆ ಹನ್ನೊಂದು ಮಂದಿ. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಿನವರದು. ಕಡೆಯ ಗೆರೆ ದಾಟಿಸಿದರೆ ಆರು ಅಂಕ. ಚೆಂಡು ಹಿಡಿದವನನ್ನು ಹಿಡಿದು ಕೆಡವಬಹುದು, ಅದು ತಪ್ಪಲ್ಲ. ಕೆಡವಿದಾಗ ಅವನ ಮೊಣಕಾಲು ನೆಲಕ್ಕೆ ಊರಿದೊಡನೆ ಸೀಟಿ ಊದುತ್ತಾರೆ, ಎಲ್ಲರೂ ಕೈ ಬಿಡಬೇಕು. ತಿಳಿಗೇಡಿ ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಿರಿ.

ನೀವು ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದು ಪೈಲವಾನರ ತಲೆಗೆ ಹೋಗಲಿಲ್ಲ. ದ್ಯಾಮಣ್ಣ ಏಳನೇ ಇಯತ್ತೆ ಓದಿ ಮುಲ್ಕಿ ಪರೀಕ್ಷೆ ಪಾಸಾದ ತಂಗಿಯನ್ನು ಕೇಳಿದ. ಊಟಕ್ಕೆ ಕುಳಿತಾಗ ಬಿಡಿಸಿ ಹೇಳಿದೆ.

ಆಟದ ದಿನ ಹೆಣ್ಣುಮಕ್ಕಳ ಸಾಲಿನಲ್ಲಿ ನಾನೂ ಇದ್ದೆ, ನೀವು ನೋಡಲಿಲ್ಲ. ಚೆಂಡು ಹಿಡಿದು ಸಾಹೇಬರ ಕುರ್ಚಿಯ ಕಡೆಗೇ ಓಡಿದಿರಿ. ಎದುರು ಪಂಗಡದ ದ್ಯಾಮಣ್ಣ ಸೊಂಟಕ್ಕೆ ಕೈ ಹಾಕಿದ. ನಿಮ್ಮ ಮೊಣಕಾಲು ಊರಿತು, ಸೀಟಿಯೂ ಆಯಿತು. ಆದರೆ ಕುಸ್ತಿಯಲ್ಲಿ ಮೊಣಕಾಲು ಊರಿದರೆ ಏನೂ ಮುಗಿಯುವುದಿಲ್ಲ, ಬೆನ್ನು ಮಣ್ಣಿಗೆ ಹತ್ತಬೇಕು. ಗರಡಿಯಲ್ಲೇ ಬೆಳೆದವನು ರೂಢಿ ಬಿಡುತ್ತಾನೆಯೇ? ಎತ್ತಿ ಹೊರಳಿಸಿ ನಿಮ್ಮ ಎರಡೂ ಹೆಗಲು ನೆಲಕ್ಕೆ ಒತ್ತಿದ. ಮಂದಿ ಶಿಳ್ಳೆ ಹೊಡೆದರು, ಸಾಹೇಬರು ನಕ್ಕರು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಅವನಿಗೆ ಕಪಟ ಗೊತ್ತಿಲ್ಲ. ಎಲುಬು ಮುರಿಯಿತೆಂದು ಕೇಳಿ ಅಂದು ಉಣ್ಣದೆ ಮಲಗಿದ. ಅವನನ್ನು ಕೋರ್ಟಿಗೆ ಎಳೆಯಬೇಡಿ. ನಾನಂತೂ ರೋಣಕ್ಕೆ ಬರುವುದಿಲ್ಲ, ಈಗಲೂ ಇಲ್ಲ, ಎಲುಬು ಕೂಡಿದ ಮೇಲೂ ಇಲ್ಲ. ಎಡಗೈಯಲ್ಲಿ ಉಣ್ಣುವುದನ್ನು ಕಲಿಯಿರಿ. ಓದಿದವರು, ಬೇಗ ತಿಳಿಯುತ್ತದೆ.

ಇಂತಿ,
ದ್ಯಾಮಣ್ಣನ ತಂಗಿ
ಕಳಕವ್ವ

ತಾ.ಕ.: ಫಿರ್ಯಾದಿ ಕೊಡಲೇಬೇಕೆಂದಿದ್ದರೆ ನನ್ನ ಹೆಸರು ಬರೆಸಿರಿ. ಆಟ ಬಿಡಿಸಿ ಹೇಳಿದ ದಿನ ಊಟಕ್ಕೆ ಕುಳಿತಾಗ ದ್ಯಾಮಣ್ಣ, "ಮೊಣಕಾಲ ಊರಿದ್ರ ಬಿಟ್ಟ ಬಿಡಬೇಕೇನ ತಂಗಿ?" ಎಂದು ಕೇಳಿದ್ದ. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ಬ್ಯಾಡಣ್ಣ, ಬೆನ್ನ ಹತ್ತೂತನಕಾ ಬಿಡಬ್ಯಾಡ" ಎಂದವಳು ನಾನು.