ತುಂಬಿದ ಮೈಯ ವಾರಗಿತ್ತಿ

ಫೆಬ್ರವರಿ 9, ಭಾನುವಾರ

ತೂಕ ನಲವತ್ತೊಂದೂವರೆ. ಬೆಳಿಗ್ಗೆ ಎರಡು ಬಾಳೆಹಣ್ಣು, ಹಾಲು, ಲೇಹ್ಯ — ಮೂರು ತಿಂಗಳಿಂದ. ಅರ್ಧ ಕೆಜಿಯೂ ಏರಿಲ್ಲ.

ಭದ್ರಾವತೀಲಿ ಗೃಹಪ್ರವೇಶ. ಅತ್ತೆಯ ತಂಗಿ ವಸಂತಮ್ಮ ಬಾಗಿಲಲ್ಲೇ ನನ್ನ ವಾರಗಿತ್ತಿ ಅನುಷಕ್ಕನ ಗಲ್ಲ ಹಿಡಿದು, "ಹಿರಿ ಸೊಸೆ ಅಂದ್ರೆ ಹಿಂಗಿರ್ಬೇಕು, ಲಕ್ಷ್ಮೀ ಕಳೆ" ಅಂದ್ರು. ಆಮೇಲೆ ನನ್ನ ಮಣಿಕಟ್ಟು ಸವರಿ, "ತನುಜಾ, ಮೈಯಲ್ಲಿ ಏನಾದ್ರೂ ಇದ್ರೆ ತಾನೇ ಮಕ್ಕಳು ನಿಲ್ಲೋದು?"

ಅಕ್ಕ ಅಲ್ಲೇ ನಿಂತು ನಕ್ಕಳು. ಎಂಬತ್ತೆರಡು ಕೆಜಿ ನಗು.

ಫೆಬ್ರವರಿ 17

ಅಕ್ಕ ಅನ್ನ ಬಿಡ್ತಿದಾಳೆ. ಬೆಳಿಗ್ಗೆ ಹಾಲು ತರೋ ನೆಪದಲ್ಲಿ ನಮ್ಮ ಗೋಪಾಳ ಬಡಾವಣೆಯ ಪಾರ್ಕ್ ಸುತ್ತಿ ಬರ್ತಾಳೆ. ಕೇಳಿದೆ. ರೂಮಿನ ಬಾಗಿಲು ಹಾಕಿದಳು.

"ಶುಗರ್ ಬಂದಿದೆ ಕಣೇ. ಹತ್ತು ಕೆಜಿ ಇಳಿಸಿ ಅಂದ್ರು ಡಾಕ್ಟ್ರು. ಅತ್ತೆಗೆ ಹೇಳ್ಬೇಡ ಮಾರಾಯ್ತಿ. ಮೂವತ್ತಾರಕ್ಕೇ ಶುಗರ್ ಅಂದ್ರೆ ತವರಿಂದಲೇ ತಂದಿದಾಳೆ ಅಂತಾರೆ."

ಹೇಳಲ್ಲ ಅಂದೆ.

ಮಾರ್ಚ್ 12

ಇಳೀತಿದಾಳೆ. ಚೆನ್ನಾಗೇ ಕಾಣ್ತಾಳೆ, ಅದೇ ಸಂಕಟ. ತಿಂಡಿಗೆ ಕೂತು ಪ್ರಕಾಶ್ — "ಅತ್ತಿಗೆ, ಕಾಲೇಜ್ ಹುಡುಗಿ ಥರ ಇದೀರ." ನನ್ನ ಗಂಡ. ನನ್ನ ಎದುರಿಗೇ. ತೆಳ್ಳಗಿದ್ರೆ ನಾನು ಕಡ್ಡಿ, ಅವಳು ಕಾಲೇಜ್ ಹುಡುಗಿ!

ಸಂಜೆ ಅತ್ತೆ ಹೂ ಕಟ್ತಿದ್ರು. ಬಾಯಿಗೆ ಬಂದೇ ಬಿಡ್ತು. "ಅಕ್ಕ ಬೇಕಂತಲೇ ಊಟ ಬಿಡ್ತಿದಾರೆ ಅತ್ತೆ. ತೆಳ್ಳಗಾಗೋಕೆ."

ಶುಗರ್ ವಿಷಯ ಹೇಳಲಿಲ್ಲ. ಕೊಟ್ಟ ಮಾತು ಉಳಿಸ್ಕೊಂಡೆನಂತೆ...

ಮಾರ್ಚ್ 13

ಅತ್ತೆ ಅಕ್ಕನ ಎದುರೇ ಕೂತು ಬಡಿಸಿದ್ರು. "ಸೊಸೇನ ಸೊರಗಿಸಿದ್ರು ಅಂತ ಜನ ನನ್ನ ಮುಖಕ್ಕೆ ಉಗೀಲಿ ಅಂತಲಾ?" ಬೆಳಗಿನ ಹಾಲು ಇನ್ಮೇಲೆ ಮಾವ ತರ್ತಾರಂತೆ. ಅಕ್ಕ ತಲೆ ಬಗ್ಗಿಸಿ ತಿಂದಳು. ನನ್ನ ಕಡೆ ನೋಡಲಿಲ್ಲ.

ಮಾರ್ಚ್ 30, ಯುಗಾದಿ

ನಾಲ್ಕು ಹೋಳಿಗೆ ಅಕ್ಕನಿಗೆ. ಮೇಲೆ ತುಪ್ಪ. ಈಗಲಾದ್ರೂ ಬಾಯಿ ಬಿಡಬಹುದಿತ್ತು ನಾನು.

ಬಿಡಲಿಲ್ಲ.

ಏಪ್ರಿಲ್ 2

ಅಡುಗೆಮನೇಲಿ ಅಕ್ಕ ಕುಸಿದಳು. ಆಸ್ಪತ್ರೇಲಿ ನೋಡಿದ್ರೆ ಶುಗರ್ ನಾನೂರ ಮೂವತ್ತು. "ಇಷ್ಟೊಂದು ಸಿಹಿ ಯಾರ್ರೀ ಕೊಟ್ಟಿದ್ದು?" — ಡಾಕ್ಟ್ರು. ಅತ್ತೆ ಸ್ಕೂಲ್ ಮಗು ಥರ ಕೈ ಎತ್ತಿದ್ರು. ಆಮೇಲೆ ಹೊರಗೆ ಬೆಂಚಲ್ಲಿ ಕೂತು ಅಳು, "ಯಾರ ಕಣ್ಣು ಬಿತ್ತೋ ನನ್ನ ಸೊಸೆ ಮೇಲೆ..."



ಏಪ್ರಿಲ್ 11, ಬೆಳಿಗ್ಗೆ ಏಳೂವರೆ

ಅಕ್ಕ ಮನೆಗೆ ಬಂದು ಐದು ದಿನ. ಇವತ್ತು ವಾಕಿಂಗ್‌ಗೆ ನನ್ನ ಜೊತೆ ಮಾಡಿ ಕಳಿಸಿದ್ದು ಅತ್ತೆಯೇ. ಎರಡನೇ ರೌಂಡಲ್ಲಿ ಹೇಳಿಬಿಟ್ಟೆ — "ಅತ್ತೆಗೆ ಚಾಡಿ ಹೇಳಿದ್ದು ನಾನೇ ಅಕ್ಕ."

"ಗೊತ್ತು. ಅವತ್ತೇ ಹೇಳಿದ್ರು ಅತ್ತೆ." ನಿಲ್ಲಲಿಲ್ಲ. "ಬೇಗ ಹೆಜ್ಜೆ ಹಾಕು, ಬಿಸಿಲೇರುತ್ತೆ."

ಗೊತ್ತಿದ್ದೂ ಆಸ್ಪತ್ರೇಲಿ ನಾಲ್ಕು ದಿನ ನನ್ನ ಕೈಯಿಂದಲೇ ತಿಂದಳು. ಅಷ್ಟು ದೊಡ್ಡ ಮನಸ್ಸೂ ಇವಳಿಗೇ ಬರಬೇಕಿತ್ತಾ. ನಂಗೆ ಅದಕ್ಕೂ ಹೊಟ್ಟೆಕಿಚ್ಚು.